ಹುಣಸೆಹುಳಿಯಲ್ಲಿ ತೊಳೆದ ಹಿತ್ತಾಳೆ

ಗಲ್ಫಿನ ಮೈದಾನ್ ಹವಲ್ಲಿಯ ನಮ್ಮ ಮನೆಯ ಅಡುಗೆಕೋಣೆಗೆ ಕಿಟಕಿ ಇತ್ತು ಎಂದು ನಾನು ಹೇಳುತ್ತೇನೆ. ಇರಲಿಲ್ಲ, ಗೋಡೆಯಲ್ಲಿ ಹೊಗೆ ಎಳೆಯುವ ಒಂದು ಫ್ಯಾನ್ ಮಾತ್ರ ಇತ್ತು ಎಂದು ಅಮ್ಮ ಹೇಳುತ್ತಾಳೆ. ಆ ಕೋಣೆಯಲ್ಲಿ ಅರ್ಧ ಆಯುಷ್ಯ ನಿಂತವಳು ಅಮ್ಮ, ಅವಳ ಮಾತೇ ಸರಿಯಿರಬೇಕು. ಆದರೂ ಆ ಕಿಟಕಿಯಿಂದ ಬಿದ್ದ ಬಿಸಿಲು ಸಿಂಕಿನ ಪಕ್ಕ ಬೋರಲು ಹಾಕಿದ್ದ ಹಿತ್ತಾಳೆಯ ಮೇಲೆ ಹೊಳೆದದ್ದು ನನಗೆ ಈಗಲೂ ಕಾಣುತ್ತದೆ. ಇಲ್ಲದ ಕಿಟಕಿಯಿಂದ ಬಿಸಿಲು ಬೀಳುವುದು ಹೇಗೆ? ಕಾಲೇಜಿಗೆ ಸೇರಿದಂದಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಅದಕ್ಕೂ ಹಿಂದಿನ ವರ್ಷಗಳಿಗೆ ನಾನೊಬ್ಬಳೇ ಸಾಕ್ಷಿ, ಮತ್ತು ಅಷ್ಟೇನೂ ನಂಬುವಂಥ ಸಾಕ್ಷಿಯಲ್ಲ. ಮನೆಯಲ್ಲಿ ಆಡುತ್ತಿದ್ದುದು ತುಳು, ನಾನಂತೂ ತುಳುವಿನಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಈ ಬರಹದಲ್ಲಿ ಹೆಚ್ಚುಕಡಿಮೆ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ. ಹಾಗಾಗಿ ಯಾರ ಮಾತೂ ಅವರ ಬಾಯಿಂದ ಬಂದ ಹಾಗೆಯೇ ಇದೆ ಎಂದು ನಾನು ಪ್ರಮಾಣ ಮಾಡಲಾರೆ. ಒಂದೇ ಒಂದು ಮಾತನ್ನು ಬಿಟ್ಟು. ಅದು ಬಂದಾಗ ಹೇಳುತ್ತೇನೆ.

ಮನೆಯೆಂದರೆ ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಕೋಣೆ, ಬಟ್ಟೆ ಒಣಗಿಸುವಷ್ಟೇ ಅಗಲದ ಬಾಲ್ಕನಿ. ಹಾಲಿನ ಒಂದು ಮೂಲೆಗೆ ಹೂವಿನ ಪರದೆ ಕಟ್ಟಿ ಅಮ್ಮನ ತಮ್ಮ ಸುಂದರ ಮಾಮನಿಗೆ ಜಾಗ ಮಾಡಿದ್ದರು. ಮಾಮ ಕೆಳಗಿನ ರಸ್ತೆಯ ಬಕಾಲ ಎಂಬ ಕಿರಾಣಿ ಅಂಗಡಿಯಲ್ಲಿ ಅಕ್ಕಿ ತೂಗಿ, ಹಾಲು ಬ್ರೆಡ್ಡು ಎತ್ತಿ ಕೊಡುವ ಕೆಲಸಕ್ಕಿದ್ದ. ಅಪ್ಪ ಸಬ್ಹಾನಿನ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಪಂಪಿನ ಶಾಫ್ಟು, ಬುಶ್ಶು, ಬೋಲ್ಟು ಎಂದು ದಿನವಿಡೀ ಲೇತಿನ ಮುಂದೆ ನಿಂತು ಕಬ್ಬಿಣ ಕಡೆಯುವುದು ಅವನ ಕೆಲಸ. ಒಂದು ವರ್ಷ ಅಲ್ಲಿಗೆ ಹೊಸ ಯಂತ್ರಗಳು ಬಂದು, ಮೂಲೆಯಲ್ಲಿದ್ದ ಪುಟ್ಟ ಹಳೆಯ ಲೇತೊಂದನ್ನು ಗುಜರಿಗೆ ಎಸೆಯುವುದೆಂದು ಆಯಿತು. ಮೇಜಿನ ಮೇಲೆ ಕೂರಿಸುವಷ್ಟು ಸಣ್ಣದು, ಆದರೆ ಇಬ್ಬರು ಗಂಡಸರು ಸೇರಿದರೂ ಎತ್ತಲಾರದಷ್ಟು ಭಾರ. ಅಪ್ಪ ಮುದೀರನನ್ನು, ಅಂದರೆ ಮ್ಯಾನೇಜರನ್ನು, ಕೇಳಿ ಅದನ್ನು ಪಡೆದ. ಬಿಚ್ಚಿದ ಭಾಗಗಳನ್ನು ಗುರುವಾರದ ಸಂಜೆಗಳಲ್ಲಿ ಕಂಪನಿಯ ಪಿಕಪ್ಪಿನಲ್ಲಿ ಮನೆಗೆ ಸಾಗಿಸಿದ. ಇಡೀ ಯಂತ್ರವನ್ನು ಹೊತ್ತು ನಿಲ್ಲುವ ಉದ್ದನೆಯ ಕಬ್ಬಿಣದ ಮೈ ನಮ್ಮ ಪ್ಯಾಸೇಜಿನ ಗೋಡೆಗೆ ಒರಗಿ ಮಲಗಿತು. ತಲೆಯ ಭಾಗ ಅಪ್ಪ ಅಮ್ಮನ ಮಂಚದ ಕೆಳಗೆ ಹೋಯಿತು. ಹಲ್ಲಿನ ಚಕ್ರಗಳು ಬಾಲ್ಕನಿಯ ತುಪ್ಪದ ಡಬ್ಬಿಯಲ್ಲಿ ಸೀಮೆಎಣ್ಣೆ ಕುಡಿಯುತ್ತ ಕುಳಿತವು. ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕು ಅಕ್ಕಿ ಚೀಲದ ಪಕ್ಕದಲ್ಲಿ, ಒಂದು ಹಳೆಯ ಬನಿಯನ್ನಿನೊಳಗೆ. ರಾತ್ರಿ ನೀರಿಗೆ ಎದ್ದವರೆಲ್ಲ ಪ್ಯಾಸೇಜಿನಲ್ಲಿ ಕಾಲ್ಬೆರಳು ಜಜ್ಜಿಕೊಂಡರು.

"ಭಾವಾ, ಒಂದು ಕೇಳ್ತೇನೆ ಬೈಬಾರದು. ಈ ಮನೆಯಲ್ಲಿ ವಾಸ ಮಾಡ್ಲಿಕ್ಕೆ ಇಕಾಮಾ ಯಾರ ಹೆಸರಲ್ಲಿ ಉಂಟು? ನಮ್ಮದಾ, ಲೇತಿನದ್ದಾ?"

"ಲೇತು ನಿನ್ನ ಹಾಗೆ ಮೂರು ಹೊತ್ತು ತಿನ್ನುದಿಲ್ಲ ಮಾರಾಯ. ಅದು ಇರ್ಲಿ."

"ತಿನ್ನುದಿಲ್ಲ ಅಂತ ಯಾರು ಹೇಳಿದ್ದು? ವಾರಕ್ಕೊಂದು ಶುಕ್ರವಾರ ತಿಂತದೆ," ಎಂದಳು ಅಮ್ಮ ಅಡುಗೆಕೋಣೆಯಿಂದ. ಅವಳ ದನಿಯಲ್ಲಿ ಆಗ ನಗು ಇತ್ತು. ಮೊದಮೊದಲು ಇತ್ತು.

ಅಪ್ಪನಿಗೆ ರಜೆ ಇದ್ದದ್ದು ಶುಕ್ರವಾರ ಮಾತ್ರ. ಲೇತಿಗೂ ಮೊದಲಿನ ಶುಕ್ರವಾರಗಳು ಸಮುದ್ರ ತೀರಕ್ಕೆ ಹೋಗಿ ಚಾಪೆ ಹಾಸಿ ಚಪಾತಿ ತಿನ್ನುವ ದಿನಗಳಾಗಿದ್ದವು. ಲೇತು ಬಂದ ಮೇಲೆ ಅಪ್ಪ ಬೆಳಿಗ್ಗೆ ಚಹಾ ಕುಡಿದು, ಹಳೆಯ ಲುಂಗಿ ಉಟ್ಟು, ಪ್ಯಾಸೇಜಿನಲ್ಲಿ ಕೂತುಬಿಡುತ್ತಿದ್ದ. ಯಾರ ಯಾರೋ ಬಳಿದ ಬಣ್ಣಗಳನ್ನು ಪದರು ಪದರಾಗಿ ಕೆರೆದ. ಮೇಲೆ ಬೂದು, ಅದರಡಿ ಹಸಿರು, ಅದರಡಿ ಇನ್ನೊಂದು ಬಗೆಯ ಹಸಿರು. ತುಕ್ಕು ತೆಗೆದ. ಮಟ್ಟಸವಾದ ಕಬ್ಬಿಣದ ತುಂಡೊಂದಕ್ಕೆ ನೀಲಿ ಮಸಿ ಹಚ್ಚಿ ಲೇತಿನ ಮೈಗೆ ಒತ್ತಿ, ಅದು ಎಲ್ಲಿ ಅಂಟಿತು ಎಲ್ಲಿ ಅಂಟಲಿಲ್ಲ ಎಂದು ನೋಡಿ ಉಬ್ಬನ್ನು ಸ್ವಲ್ಪ ಸ್ವಲ್ಪವೇ ಹೆರೆದ. ಆ ನೀಲಿ ಅಮ್ಮನ ಟವೆಲ್ಲಿಗೆ, ಬಾಗಿಲಿಗೆ, ನನ್ನ ಶಾಲೆಯ ಸಾಕ್ಸಿಗೆ ಹತ್ತಿತು. ಸಾರು ಕುದಿಯುವಾಗಲೂ ಸೀಮೆಎಣ್ಣೆಯ ವಾಸನೆ. ಎದುರು ಫ್ಲ್ಯಾಟಿನ ಲಿಲ್ಲಿ ಆಂಟಿ, ಕೊಂಕಣಿ ಮಾತಾಡುವ ನರ್ಸ್, ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು ಅಮ್ಮನನ್ನು "ಗುಲಾಬಿ, ಇವತ್ತು ಎಂತ ಒಗ್ಗರಣೆ, ಪೆಟ್ರೋಲಿನದ್ದಾ?" ಎಂದು ಕೇಳುತ್ತಿದ್ದರು.

ನನಗೆ ಇಷ್ಟವಾಗಿದ್ದದ್ದು ಪ್ಲೇಟುಗಳು. ಲೇತಿನ ಮೈಮೇಲೆ ಅಲ್ಲಲ್ಲಿ ಸ್ಕ್ರೂ ಹಾಕಿ ಕೂರಿಸಿದ್ದ ಹಿತ್ತಾಳೆಯ ತಗಡುಗಳು. ಒಂದರಲ್ಲಿ ಅದನ್ನು ಮಾಡಿದವರ ಹೆಸರು, ಊರು. ಇನ್ನೊಂದು ದೊಡ್ಡದು, ನನ್ನ ಎರಡು ಅಂಗೈ ಜೋಡಿಸಿದಷ್ಟು. ಯಾವ ಹಲ್ಲಿನ ಚಕ್ರಕ್ಕೆ ಯಾವುದನ್ನು ಸೇರಿಸಿದರೆ ಎಂಥ ಥ್ರೆಡ್ಡು ಬೀಳುತ್ತದೆ ಎಂಬ ಅಂಕಿಗಳು ಅದರ ತುಂಬ. ಅಂಕಿಗಳ ತಗ್ಗಿನಲ್ಲಿ ತುಂಬಿದ್ದ ಕಪ್ಪು ಬಣ್ಣ ಮುಕ್ಕಾಲು ಪಾಲು ಉದುರಿತ್ತು. ಎಷ್ಟೋ ಮಂದಿಯ ಎಣ್ಣೆಗೈ ಸವರಿ ಸವರಿ ತಗ್ಗೇ ಮಟ್ಟವಾಗುತ್ತ ಬಂದಿತ್ತು. ಅದನ್ನು ಓದಲು ಅಪ್ಪ ಒಂದು ಉಪಾಯ ಕಂಡುಕೊಂಡ. ಅಡುಗೆಕೋಣೆಯಿಂದ ಒಂದು ಚಿಟಿಕೆ ಅಕ್ಕಿಹಿಟ್ಟು ತಂದು, ಪ್ಲೇಟಿನ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಉಜ್ಜಿ, ಬಾಯಿಂದ ಊದುತ್ತಿದ್ದ. ಹಿಟ್ಟು ಹಾರಿಹೋಗಿ ಅಂಕಿಗಳು ಮಾತ್ರ ಬೆಳ್ಳಗೆ ಏಳುತ್ತಿದ್ದವು.

"ಓದು ಮಗಾ."

"Twenty. Twenty-two. This one is... Appa, six or eight?"

"ನೀನೇ ಹೇಳು. ನಿನ್ನ ಕಣ್ಣು ಸಣ್ಣದು."

ನಾನು ಎಂಟು ಎಂದೆ. ಅವನು ನಂಬಿದ. ಬರೆದಿಟ್ಟುಕೊಳ್ಳೋಣವೇ ಎಂದು ಕೇಳಿದ್ದೂ ನೆನಪಿದೆ. ಪ್ಲೇಟೇ ಇದೆಯಲ್ಲ, ಪುನಃ ಯಾಕೆ ಬರೆಯುವುದು ಎಂದ. ಆಯುಧಪೂಜೆಯ ಹಬ್ಬ ಕಳೆದ ಮೇಲೆ ತಗ್ಗುಗಳಿಗೆ ತುಂಬಲು ಕಪ್ಪು ಬಣ್ಣದ ಸಣ್ಣ ಡಬ್ಬಿಯೊಂದನ್ನು ತಂದಿಟ್ಟಿದ್ದ. ಅದು ನಮ್ಮ ಟಿವಿಯ ಮೇಲೆ, ಗಣಪತಿಯ ಪಕ್ಕದಲ್ಲಿ ಇರುತ್ತಿತ್ತು.

ಲೇತು ಮುಗಿದರೆ ನಾವು ಊರಿಗೆ ಹೋಗುತ್ತೇವೆ ಎಂದು ನನಗೆ ಯಾರೂ ಕೂರಿಸಿ ಹೇಳಿದ್ದಿಲ್ಲ. ಊಟದ ಮಧ್ಯೆ ಗೊತ್ತಾಯಿತು. ಕಾರ್ಕಳದ ಕಡೆ ರಸ್ತೆ ಬದಿಯಲ್ಲಿ ಒಂದು ಕೋಣೆ ನೋಡಿದ್ದಾಗಿದೆ, ಲೇತನ್ನು ಕಾರ್ಗೋದಲ್ಲಿ ಹಡಗಿಗೆ ಹಾಕುವುದು, ಅಲ್ಲಿ ಅಪ್ಪನದೇ ವರ್ಕ್‌ಶಾಪು. ಇನ್ನೊಬ್ಬರ ಯಂತ್ರದ ಮುಂದೆ ನಿಂತು ಸಾಕಾಗಿದೆ ಎಂದ ಅಪ್ಪ. ಅವತ್ತು ಅಮ್ಮ ಅಂಜಲ್ ಮೀನು ಹುರಿದಿದ್ದಳು. ನಡುವಿನ ದಪ್ಪ ತುಂಡು ಅಮ್ಮನ ತಟ್ಟೆಯಲ್ಲಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಊರಿನ ಅಪ್ಪನ ಮನೆಯಲ್ಲಿ ಅಮ್ಮ ಮೂರನೆಯ ಸೊಸೆ. ಅಲ್ಲಿ ಎಲ್ಲರದ್ದೂ ಆದ ಮೇಲೆ ಬಾಣಲೆಯ ತಳದ ಮಸಾಲೆ ಮತ್ತು ಬಾಲದ ತುಂಡು ಅವಳ ಪಾಲಿಗೆ. ಹವಲ್ಲಿಯಲ್ಲಿ ಅವಳು ಒಲೆಯ ಮುಂದೆಯೇ ನಿಂತು ಮೊದಲ ತುಂಡು ತಿನ್ನುತ್ತಿದ್ದಳು, ಬಿಸಿ ಎಂದು ಬಾಯಿ ತೆರೆದು ಉಫ್ ಉಫ್ ಎನ್ನುತ್ತ. ಕಟ್ಟಡದ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಬೆಲ್ ಬಾರಿಸಿದವರು ಅವಳ ಹೆಸರು ಹಿಡಿದು ಕರೆಯುತ್ತಿದ್ದರು.

"ಇವಳ ಶಾಲೆ?" ಎಂದು ಕೇಳಿದಳು ಅಮ್ಮ.

"ಅಲ್ಲಿ ಶಾಲೆ ಇಲ್ವಾ? ನಾನು ಕಲಿತದ್ದು ಎಲ್ಲಿ?"

"ನೀವು ಕಲಿತದ್ದು ಕಾಣ್ತಾ ಉಂಟಲ್ಲ."

ಮಾಮ ನಕ್ಕ. ಅಪ್ಪ ನಗಲಿಲ್ಲ. ಅಮ್ಮ ತಟ್ಟೆ ನೋಡುತ್ತಲೇ ಹೇಳಿದಳು:

"ಊರಲ್ಲಿ ನನ್ನನ್ನು ಯಾರ ಸೊಸೆ ಅಂತ ಕೇಳ್ತಾರೆ. ಇಲ್ಲಿ ಯಾವ ಫ್ಲ್ಯಾಟು ಅಂತ ಕೇಳ್ತಾರೆ. ನನಗೆ ಇದು ಸಾಕು."

"ಹಾಗಾದ್ರೆ ನಾನು ಸಾಯುವವರೆಗೂ ಆ ಮುದೀರನ ಕೈಕೆಳಗೆ ನಿಲ್ಬೇಕಾ ಗುಲಾಬಿ?"

ಅಮ್ಮ ಮೀನಿನ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದಳು. ಆಮೇಲೆ ಶುಕ್ರವಾರಗಳಲ್ಲಿ ಅವಳು ಪ್ಯಾಸೇಜು ದಾಟುವಾಗ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಲೇತಿಗೆ ತಾಗದ ಹಾಗೆ ದಾಟುತ್ತಿದ್ದಳು. ಅದು ಎಣ್ಣೆ ಮೆತ್ತದಿರಲಿ ಎಂದೂ ಇರಬಹುದು.

ಊರಿನಲ್ಲಿ ಹಬ್ಬ ಯಾವ ವಾರ ಬಂದರೂ ನಮ್ಮಲ್ಲಿ ಅದು ಮುಂದಿನ ಶುಕ್ರವಾರ. ಆಯುಧಪೂಜೆಯೂ ಹಾಗೆಯೇ. ಊರಲ್ಲಾದರೆ ಯಂತ್ರದ ಮುಂದೆಯೇ ಪೂಜೆ, ಅವತ್ತು ಯಂತ್ರ ತಿರುಗಿಸುವ ಹಾಗಿಲ್ಲ. ಸಬ್ಹಾನಿನಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಅಪ್ಪ ತನ್ನ ಸ್ಪ್ಯಾನರು, ಕ್ಯಾಲಿಪರು, ಕಟಿಂಗ್ ಟೂಲುಗಳನ್ನು ಮನೆಗೆ ತಂದು ದೇವರ ಸ್ಟ್ಯಾಂಡಿನ ಕೆಳಗೆ ಕೆಂಪು ಬಟ್ಟೆ ಹಾಸಿ ಜೋಡಿಸುತ್ತಿದ್ದ. ಆ ವರ್ಷ ಲೇತನ್ನೂ ಇಡಬೇಕೆಂದು ಆಸೆ. ಅದನ್ನು ಎತ್ತಿ ತರುವವರು ಯಾರು? ಎರಡು ಪ್ಲೇಟುಗಳನ್ನು ಬಿಚ್ಚಿ, ಹಿಂದಿನ ದಿನವೇ ದೇವರ ಮುಂದೆ, ದೀಪದ ಪಕ್ಕ ಇಟ್ಟ. ಲಿವರಿನ ಬಳಿ ಇನ್ನೊಂದು ಪುಟ್ಟ ಪ್ಲೇಟಿತ್ತು. ಅದರ ಸ್ಕ್ರೂ ಜಾಮಾಗಿ ಬಿಚ್ಚಲು ಬರಲಿಲ್ಲ, ಅದು ಯಂತ್ರದ ಮೈಯಲ್ಲೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಅಪ್ಪ ಹೂವು ಮತ್ತು ಬೂದುಗುಂಬಳ ತರಲು ನಮ್ಮವರ ಅಂಗಡಿಗಳಿರುವ ಅಬ್ಬಾಸಿಯಾಕ್ಕೆ ಹೋದ. ಅಮ್ಮ ದೇವರ ಪಾತ್ರೆ ತೊಳೆಯಲು ನಿಂತಳು. ಅವಳು ಹಿತ್ತಾಳೆ ತೊಳೆಯುವುದಕ್ಕೆ ಒಂದು ಕ್ರಮವಿತ್ತು. ನೆನೆಸಿದ ಹುಣಸೆಹುಳಿ, ಉಪ್ಪು, ಮತ್ತು ಧೂಳು ಬಿರುಗಾಳಿ ಬಂದು ಹೋದ ಮೇಲೆ ಬಾಲ್ಕನಿಯ ಮೂಲೆಯಿಂದ ಗುಡಿಸಿ ಜರಡಿ ಹಿಡಿದು ಡಬ್ಬಿಯಲ್ಲಿ ಇಟ್ಟಿದ್ದ ನುಣ್ಣನೆಯ ಮರಳು. ಊರಿನ ಇಟ್ಟಿಗೆ ಪುಡಿಗಿಂತ ಇದು ಎಷ್ಟೋ ವಾಸಿ ಎಂದು ಲಿಲ್ಲಿ ಆಂಟಿಗೂ ಒಂದು ಡಬ್ಬಿ ಕೊಟ್ಟಿದ್ದಳು. ತವರಿನಿಂದ ತಂದ ಕಾಲುದೀಪ, ಗಂಟೆ, ಆರತಿ ತಟ್ಟೆ ಒಂದೊಂದಾಗಿ ಸಿಂಕಿನ ಪಕ್ಕ ಬೋರಲು ಬಿದ್ದವು. ಆಮೇಲೆ ಪ್ಲೇಟುಗಳು. ದೇವರ ಮುಂದೆ ಇದ್ದ ಹಿತ್ತಾಳೆ, ಕಪ್ಪಿಟ್ಟ ಹಿತ್ತಾಳೆ. ಹಬ್ಬದ ದಿನ ಅದನ್ನು ಹಾಗೆ ಬಿಡುವ ಹೆಂಗಸು ನಮ್ಮ ಕಡೆ ಇಲ್ಲ.

ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದೆ. ನಿಂತಿದ್ದೆ ಎಂದುಕೊಂಡಿದ್ದೇನೆ. ಅಮ್ಮನ ಬೆನ್ನು ಕಾಣುತ್ತದೆ, ಮೊಣಕೈ ಹಿಂದೆ ಮುಂದೆ ಹೋಗುವುದು ಕಾಣುತ್ತದೆ. ಕೈಯಲ್ಲಿ ಇದ್ದದ್ದು ತೆಂಗಿನ ನಾರೋ, ಬಾಣಲೆ ಉಜ್ಜುವ ಉಕ್ಕಿನ ಬ್ರಷ್ಷೋ? ಹಿತ್ತಾಳೆಗೆ ಅವಳು ಉಕ್ಕಿನ ಬ್ರಷ್ ಮುಟ್ಟಿಸುತ್ತಿರಲಿಲ್ಲ, ಗೀರು ಬೀಳುತ್ತದೆ ಎಂದು ನನ್ನನ್ನೂ ಬೈದದ್ದುಂಟು. ಒಂದೊಂದು ಸಲ ಕರಕರ ಎಂಬ ಸದ್ದು ಕೇಳಿಸುತ್ತದೆ. ಇನ್ನೊಂದು ಸಲ ನೆನೆದಾಗ ಹುಣಸೆಹುಳಿಯ ಪಿಚಪಿಚ ಮಾತ್ರ. ಬಿಸಿಲು ಬೀಳುವ ಆ ಕಿಟಕಿಯೂ ಇದೇ ನೋಟದಲ್ಲಿ ಇದೆ, ಆದ್ದರಿಂದ ಸದ್ದನ್ನೂ ನಾನು ನಂಬುವುದಿಲ್ಲ.

ಅಪ್ಪ ಬಂದು, ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ದೇವರ ಮುಂದೆ ಕೂತ. ದೀಪ ಹಚ್ಚಿಯಾಗಿತ್ತು. ಕುಂಕುಮ ಇಡಲೆಂದು ದೊಡ್ಡ ಪ್ಲೇಟನ್ನು ಕೈಗೆತ್ತಿಕೊಂಡವನು ಸ್ವಲ್ಪ ಹೊತ್ತು ಅದನ್ನು ಬೆಳಕಿಗೆ ಓರೆ ಮಾಡಿ ನೋಡಿದ. ಎದ್ದು ಅಡುಗೆಕೋಣೆಗೆ ಹೋಗಿ ಅಕ್ಕಿಹಿಟ್ಟು ತಂದ. ಉದುರಿಸಿದ, ಉಜ್ಜಿದ, ಊದಿದ. ಹಿಟ್ಟೆಲ್ಲ ಹಾರಿಹೋಯಿತು. ಇನ್ನೊಮ್ಮೆ ಉದುರಿಸಿ ಉಜ್ಜಿ ಊದಿದ. ಮಾಮ ಪರದೆಯಾಚೆಯಿಂದ ಬಂದು ನಿಂತಿದ್ದ. ಅಮ್ಮ ಪಾಯಸದ ಸೌಟು ಹಿಡಿದು ಬಾಗಿಲಲ್ಲಿದ್ದಳು. ಪ್ಲೇಟಿನಲ್ಲಿ ಅಪ್ಪನ ಮುಖ ಮಸುಕಾಗಿ ಕಾಣುತ್ತಿತ್ತು. ನಾನು ಪ್ರಮಾಣ ಮಾಡಬಲ್ಲೆ ಎಂದ ಆ ಒಂದು ಮಾತು ಇದು:

"ಚಂದ ಹೊಳೀತಾ ಉಂಟು, ಗುಲಾಬಿ."

ಅಷ್ಟೇ. ಏನು ಮಾಡಿದೆ ಎಂದು ಕೇಳಲಿಲ್ಲ. ಅಮ್ಮನೂ ಏನಾಯಿತು ಎಂದು ಕೇಳಲಿಲ್ಲ. ಅಪ್ಪ ಖಾಲಿ ಹಿತ್ತಾಳೆಯ ನಡುವಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಎತ್ತಿದ. ಕೆಳಗೆ ರಸ್ತೆಯಲ್ಲಿ ಕುಂಬಳಕಾಯಿ ಒಡೆದರೆ ಬಲದಿಯಾದವರು, ಅಂದರೆ ಮುನಿಸಿಪಾಲಿಟಿಯವರು, ದಂಡ ಹಾಕುತ್ತಾರೆಂದು ಪ್ರತಿ ವರ್ಷದಂತೆ ಬಾತ್‌ರೂಮಿನಲ್ಲಿ ಒಡೆದೆವು. ಪಾಯಸವನ್ನು ಎಲ್ಲರೂ ತಿಂದೆವು. ನಾನು ಎರಡನೆಯ ಸಲ ಬಡಿಸಿಕೊಂಡೆ.

ಮುಂದಿನ ಶುಕ್ರವಾರ ಅಪ್ಪ ಮಲಗಿಯೇ ಇದ್ದ. ಅದರ ಮುಂದಿನ ಶುಕ್ರವಾರ ನಾವು ಸಮುದ್ರಕ್ಕೆ ಹೋದೆವು. ಕಪ್ಪು ಬಣ್ಣದ ಡಬ್ಬಿ ಟಿವಿಯ ಮೇಲಿಂದ ಯಾವಾಗ ಹೋಯಿತೋ ತಿಳಿಯದು. ಲೇತಿನ ಭಾಗಗಳನ್ನು ಅಪ್ಪ ಕಟ್ಟಡದ ಕೆಳಗಿನ ಸ್ಟೋರಿಗೆ ಇಳಿಸಿದ, ಕಾವಲುಗಾರ ಹಾರಿಸ್‌ಗೆ ಹೇಳಿ ಒಂದು ಮೂಲೆ ಮಾಡಿಕೊಂಡ. ತುಪ್ಪದ ಡಬ್ಬಿಯಿಂದ ಜಾರಿ ಬಾಲ್ಕನಿಯಲ್ಲೇ ಉಳಿದ ಒಂದು ಹಲ್ಲಿನ ಚಕ್ರವನ್ನು ಅಮ್ಮ ಬಿಸಿ ಅನ್ನದ ಪಾತ್ರೆಯ ಕೆಳಗೆ ಇಡಲು ಇಟ್ಟುಕೊಂಡಳು. ಊರಿನ ರಸ್ತೆ ಬದಿಯ ಕೋಣೆಯ ಮಾತು ಮತ್ತೆ ಬರಲಿಲ್ಲ. ಮನೆಯಲ್ಲಿ ಜಗಳ ನಿಂತಿತು. ನಮ್ಮ ಮನೆ ಎಷ್ಟು ಶಾಂತ ಎಂದು ಲಿಲ್ಲಿ ಆಂಟಿ ಹೊಗಳುತ್ತಿದ್ದರು. ಆ ಶಾಂತಿಯಲ್ಲಿಯೇ ನಾನು ದೊಡ್ಡವಳಾದೆ. ಯಾರಾದರೂ ಸರಿ ಎಂದರೆ, ನಿಜವಾಗಿ ಸರಿಯೇ ಎಂದು ಎರಡನೆಯ ಬಾರಿ, ಮೂರನೆಯ ಬಾರಿ ಕೇಳುವ ಚಾಳಿ ನನಗೆ ಅಂಟಿದ್ದು ಅಲ್ಲಿಯೇ ಇರಬೇಕು. ನನ್ನ ಗಂಡನಿಗೆ ಇದರಿಂದ ಬಹಳ ರೇಜಿಗೆ. "ಒಮ್ಮೆ ಹೇಳಿದೆನಲ್ಲ ಮಾರಾಯ್ತಿ" ಎನ್ನುತ್ತಾನೆ. ಹೇಳಿದ್ದಾನೆ, ನನಗೂ ಗೊತ್ತು.

ಅಪ್ಪ ಸಬ್ಹಾನಿನಲ್ಲೇ, ಇನ್ನೊಬ್ಬರ ಲೇತಿನ ಮುಂದೆಯೇ ಕೂದಲು ನೆರೆಸಿಕೊಂಡ. ಎರಡು ವರ್ಷದ ಹಿಂದೆ, ಕೆಲಸದಿಂದ ಬಂದು ಶೂ ಬಿಚ್ಚುವಾಗ ಎದೆ ಹಿಡಿದುಕೊಂಡವನು ಆಸ್ಪತ್ರೆ ತಲುಪಲಿಲ್ಲ. ದೇಹವನ್ನು ಊರಿಗೆ ಕಳುಹಿಸುವ ಕಾಗದಪತ್ರಗಳಿಗೆ ನಾನೇ ಓಡಾಡಿದೆ. ವಿಮಾನ ನಿಲ್ದಾಣದಲ್ಲಿ, ಎಲ್ಲಿಗೆ ಹೋಗಬೇಕು ಎಂದು ಕೇಳಿದಾಗ ಒಬ್ಬಾತ ಕೈ ತೋರಿಸಿ "ಕಾರ್ಗೋ" ಎಂದ. ನಾನು ಅಲ್ಲೇ ಒಂದು ಟ್ರಾಲಿಯನ್ನು ಹಿಡಿದು ನಿಂತೆ. ಅಮ್ಮನ ಇಕಾಮಾ, ಅಂದರೆ ವಾಸದ ಪರವಾನಗಿ, ಅಪ್ಪನ ಇಕಾಮಾದ ಮೇಲೆ ನಿಂತದ್ದು. ಅದೂ ಖಲಾಸ್ ಆಯಿತು. ಇಲ್ಲೇ ಇರಬೇಕೆಂದಿದ್ದ ಅಮ್ಮ ಈಗ ಊರಲ್ಲಿ, ಹಿಂತಿರುಗಿ ಹೋದ ಸುಂದರ ಮಾಮನ ಮನೆಯಲ್ಲಿ ಇದ್ದಾಳೆ. ಚಳಿಗಾಲಕ್ಕೊಮ್ಮೆ ವಿಸಿಟ್ ವೀಸಾದಲ್ಲಿ ನನ್ನ ಬಳಿ ಬಂದು ಒಂದು ತಿಂಗಳು ಇರುತ್ತಾಳೆ.

ಈ ಚಳಿಗಾಲಕ್ಕೆ ಸ್ವಲ್ಪ ಮೊದಲು ಹಾರಿಸ್‌ನ ಫೋನು ಬಂತು. ಹಳೆಯ ಕಟ್ಟಡ ಒಡೆಯುತ್ತಾರೆ, ನಿಮ್ಮ ಬಾಬಾನ ಕಬ್ಬಿಣ ತೆಗೆಯಿರಿ. ಹೋಗಿ ನೋಡಿದರೆ ಎಲ್ಲವೂ ಗೋಣಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಅಚ್ಚುಕಟ್ಟಾಗಿತ್ತು. ಪ್ಲೇಟುಗಳೆರಡೂ ಅಪ್ಪನ ಹಳೆಯ ಬನಿಯನ್ನಿನಲ್ಲಿ ಮಡಿಸಿದ್ದವು. ನನಗೆ ಲೇತಿನಿಂದ ಆಗಬೇಕಾದದ್ದು ಏನೂ ಇಲ್ಲ, ಇಡಲು ಜಾಗವೂ ಇಲ್ಲ. ಆದರೂ ಗುಜರಿಗೆ ಕೊಡಲಾಗಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದ್ದ ಲಾಹೋರಿನ ರಶೀದ್ ಭಾಯಿ ಈಗ ಸಬ್ಹಾನಿನಲ್ಲಿ ಒಂದು ಶೆಡ್ ನಡೆಸುತ್ತಾರೆ. ಅಲ್ಲಿಗೆ ಸಾಗಿಸಿ, ಸರಿಪಡಿಸಿ ಕೊಡಿ ಎಂದೆ. ವಾರದ ಮೇಲೆ ಅವರು ಕರೆದರು.

"ಬಾಜಿ, ಇಸ್ ಮೇ ಮೇರಾ ಕೋಯಿ ಕಾಮ್ ಹೀ ನಹೀ." ತನಗೆ ಇದರಲ್ಲಿ ಕೆಲಸವೇ ಇಲ್ಲ ಎಂದರು. ಎಲ್ಲ ಹೆರೆದು, ಮಟ್ಟ ಮಾಡಿ, ಗ್ರೀಸು ಹಚ್ಚಿ ಇಟ್ಟಿದೆ. ಗ್ರೀಸು ಅಷ್ಟೇನೂ ಹಳೆಯದಲ್ಲ, ಎರಡು ಮೂರು ವರ್ಷದ್ದು. ಜೋಡಿಸಿದರೆ ಆಯಿತು. ಒಂದು ಹಲ್ಲಿನ ಚಕ್ರ ಮಾತ್ರ ಕಮ್ಮಿ.

ಅಮ್ಮ ಬಿಟ್ಟುಹೋದ ಆ ಚಕ್ರ ಈಗ ನನ್ನ ಅಡುಗೆಮನೆಯಲ್ಲಿ, ಅನ್ನದ ಪಾತ್ರೆಯ ಕೆಳಗಿದೆ. ಅಪ್ಪ ಯಾವಾಗ ಕೆಳಗೆ ಹೋಗಿ ಕೆಲಸ ಮುಗಿಸುತ್ತಿದ್ದ? ಅಮ್ಮನಿಗೆ ಗೊತ್ತಿತ್ತೇ? ರಶೀದ್ ಭಾಯಿ ದೊಡ್ಡ ಪ್ಲೇಟನ್ನು ಬಟ್ಟೆಯಿಂದ ಒರೆಸಿ, ಇದರಲ್ಲಿ ಏನು ಬರೆದಿತ್ತು ಎಂದು ಕೇಳಿದರು. ಹೊಸದಾಗಿ ಕೆತ್ತಿಸಬಹುದಂತೆ. ಇದಿಲ್ಲದೆ ಯಂತ್ರ ಓಡುವುದಿಲ್ಲವೇ ಎಂದೆ. ಅವರು ನನ್ನನ್ನು ಮಗುವಿನ ಹಾಗೆ ನೋಡಿದರು. ಓಡದೆ ಏನು, ಇಂಥ ಅಂಕಿಗಳು ಯಾವ ಟರ್ನರನನ್ನು ಕೇಳಿದರೂ ಸಿಗುತ್ತವೆ, ನಿಮ್ಮಪ್ಪನಿಗಂತೂ ಬಾಯಿಪಾಠ ಎಂದರು. ಅಂದರೆ ಊರಿಗೆ ಹೋಗದಂತೆ ಅಪ್ಪನನ್ನು ನಿಲ್ಲಿಸಿದ್ದು ಅಳಿಸಿಹೋದ ಅಂಕಿಗಳಲ್ಲ.

ಪ್ಲೇಟುಗಳ ಜೊತೆ ಲಿವರಿನ ಆ ಪುಟ್ಟ ಪ್ಲೇಟನ್ನೂ ಬಿಚ್ಚಿಸಿ ಮನೆಗೆ ತಂದೆ. ಅದರಲ್ಲಿ ಎರಡು ಬಾಣದ ಗುರುತು, ನಾಲ್ಕಾರು ಅಕ್ಷರ, ಸವೆದ ಕಪ್ಪು ಬಣ್ಣ. ಹುಣಸೆಹುಳಿ ನೆನೆಸಿ, ಉಪ್ಪು ಹಾಕಿ, ಬಾಲ್ಕನಿಯ ಮರಳು ಸೇರಿಸಿ ಕೈ ನೋಯುವವರೆಗೆ ಉಜ್ಜಿದೆ. ಹಿತ್ತಾಳೆ ಹೊಳೆಯಿತು. ಅಕ್ಷರ ಹೋಗಲಿಲ್ಲ. ನನ್ನ ಕೈಯಲ್ಲಿ ಅಮ್ಮನ ಬಲವಿಲ್ಲ ಎಂದುಕೊಂಡೆ. ಈ ಪ್ಲೇಟು ಅಷ್ಟು ಸವೆದಿರಲಿಲ್ಲ ಎಂದೂ ಅಂದುಕೊಂಡೆ. ಉಕ್ಕಿನ ಬ್ರಷ್ಷನ್ನು ಕೈಗೆ ತೆಗೆದುಕೊಂಡು, ಹಾಗೆಯೇ ಕೆಳಗಿಟ್ಟೆ.

ಅಮ್ಮ ಬಂದ ಮೊದಲ ಶುಕ್ರವಾರ ಅಂಜಲ್ ಹುರಿದಳು. ಊಟವಾದ ಮೇಲೆ ದೊಡ್ಡ ಪ್ಲೇಟನ್ನು ಮೇಜಿನ ಮೇಲೆ, ಅವಳ ಮುಂದೆ ಇಟ್ಟೆ. ಇದು ಎಂಥದ್ದು ಎಂದು ಅವಳು ಕೇಳಲಿಲ್ಲ. ನಾನು ಅಕ್ಕಿಹಿಟ್ಟು ತಂದು ಉದುರಿಸಿ, ಉಜ್ಜಿ, ಊದಿದೆ. ಸ್ಕ್ರೂವಿನ ತೂತಿನ ಹತ್ತಿರ, ಬೆರಳು ತಲುಪದ ಮೂಲೆಯಲ್ಲಿ, ಒಂದೇ ಒಂದು ಅಂಕಿ ಬೆಳ್ಳಗೆ ಎದ್ದಿತು. ಆರೋ ಎಂಟೋ. ಅಮ್ಮ ಅದರ ಮೇಲೆ ಹೆಬ್ಬೆರಳಿಟ್ಟಳು, ಅಳಿಸಲಿಲ್ಲ, ಸುಮ್ಮನೆ ಇಟ್ಟಳು. ಅವಳು ಊರಿಗೆ ಹಿಂತಿರುಗಿ ಈಗ ಮೂರು ವಾರ. ದಿನವೂ ಫೋನಿನಲ್ಲಿ ಮಾತಾಡುತ್ತೇವೆ, ಮಾಮನ ಸಕ್ಕರೆ ಕಾಯಿಲೆ, ಮೀನಿನ ರೇಟು, ನನ್ನ ಮಗಳ ಪರೀಕ್ಷೆ, ನನ್ನ ಒಂದು ಪ್ರಶ್ನೆಗೆ ಉತ್ತರ ಬಿಟ್ಟು ಎಲ್ಲವೂ ಬರುತ್ತದೆ. ಅವತ್ತು ಮೇಜಿನ ಬಳಿ, ಅವಳ ಬೆರಳು ಇನ್ನೂ ಆ ಅಂಕಿಯ ಮೇಲಿದ್ದಾಗ, ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಉಜ್ಜುವಾಗ ನಿನಗೆ ಅಕ್ಷರ ಕಾಣ್ತಾ ಇತ್ತಾ?"